ಅಕ್ಕನ ಅಂಕ ಹದಿನಾಲ್ಕು

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ಗಡ್ಡೆಗಳು ಮೇಣದ ಬಿಲ್ಲೆಗಳಲ್ಲಿ ಹುದುಗಿ ತಂಗಿಯ ಮೇಜಿಗೆ ಬರುತ್ತಿದ್ದವು. ಅವನ್ನು ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಯಂತ್ರದಲ್ಲಿ ಅಳೆಯುವುದು ಪ್ರಯೋಗಾಲಯದಲ್ಲಿ ಅವಳ ಕೆಲಸ. ಕೊನೆಗೆ ಒಂದು ಅಂಕ ಬರುತ್ತದೆ. ಹೆಚ್ಚು ಬಂದರೆ ರೋಗ ಮರುಕಳಿಸುವ ಭಯ, ಕಿಮೊ ಬೇಕು. ಕಡಿಮೆ ಬಂದರೆ ಮಾತ್ರೆ ಸಾಕು.

ಒಂದು ದಿನ ಸ್ವಂತ ಅಕ್ಕನ ಗಡ್ಡೆಯೇ ಬಂತು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ತಾನೇ ಹೆರೆದಳು. ಹದಿನಾಲ್ಕು ಬಂತು, ಕಡಿಮೆಯೇ. ಅದನ್ನು ಹೇಳಲು ಓಡಿಕೊಂಡೇ ಹೋದಳು.

ಅಕ್ಕ ಬಟ್ಟೆ ಹೊಲಿಯುವವಳು. ಕಿಮೊಗೆ ಕೂದಲು ಉದುರುವ ಮೊದಲೇ, ಬಟ್ಟೆಯ ಕತ್ತರಿಯಿಂದ ಜಡೆ ಕತ್ತರಿಸಿಕೊಂಡು ಮಗಳ ಜೊತೆ ಕೂತಿದ್ದಳು.

"ಕಿಮೊ ಬೇಡ್ವಂತೆ ಅಕ್ಕ!"

"ಅಯ್ಯೋ, ಜಡೆ ದಂಡವಾಯ್ತಲ್ಲೇ!" ಅಕ್ಕ ನಕ್ಕಳು. ಕತ್ತರಿಸಿದ ಜಡೆಯನ್ನು ಸುತ್ತಿಡುತ್ತಾ, "ಆದ್ರೂ ತಗೊಂಡುಬಿಡ್ಲಾ? ನಾನು ಯಾವಾಗ್ಲೂ ಎರಡೆರಡು ಹೊಲಿಗೆ ಹಾಕೋಳು," ಎಂದಳು.

"ಸುಮ್ಸುಮ್ನೆ ಆ ವಿಷ ಯಾಕೆ? ನಿನ್ನಂಥ ನೂರು ಜನದಲ್ಲಿ ತೊಂಬತ್ತಾರು ಜನಕ್ಕೆ ಏನೂ ಆಗಲ್ಲ."

"ಉಳಿದ ನಾಲ್ಕು?"

"ಅವರ ಚಿಂತೆ ನಿಂಗ್ಯಾಕೆ?"

ವೈದ್ಯರೂ ಬೇಡವೆಂದೇ ಹೇಳಿದರು. ಅಕ್ಕ ಒಪ್ಪಿಕೊಂಡಳು.

ಮೂರು ವರ್ಷ ಕಳೆದ ಮೇಲೆ ಅಕ್ಕನಿಗೆ ಸೊಂಟನೋವು ಶುರುವಾಯಿತು. ಬಗ್ಗಿ ಹೊಲಿದು ಹೊಲಿದು ಬಂದದ್ದೆಂದು ಎಲ್ಲರೂ ಅಂದುಕೊಂಡರು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ರೋಗ ಬೆನ್ನುಮೂಳೆಗೂ ಯಕೃತ್ತಿಗೂ ಹಬ್ಬಿತ್ತು.

ತಂಗಿ ಹಳೆಯ ಬಿಲ್ಲೆಯನ್ನು ಹುಡುಕಿ ತೆಗೆದು ಮತ್ತೆ ಹೆರೆದಳು. ಎಲ್ಲೋ ಎಡವಿರಬೇಕು, ತನ್ನ ಕೈಯೇ ತಪ್ಪಿರಬೇಕು ಎಂದು ಹಂಬಲಿಸಿದಳು. ಆಗ ತನ್ನನ್ನಾದರೂ ಶಪಿಸಿಕೊಳ್ಳಬಹುದಿತ್ತು. ಯಂತ್ರ ಮತ್ತೆ ಹದಿನಾಲ್ಕನ್ನೇ ತೋರಿಸಿತು.

"ಪರೀಕ್ಷೆ ಸರಿಯಾಗೇ ಇದೆಯಮ್ಮ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ನೂರಕ್ಕೆ ನಾಲ್ಕು ಜನ ಇದ್ದೇ ಇರ್ತಾರಲ್ಲ."

ತಂಗಿ ಅಕ್ಕನ ಮುಂದೆ ಮುಚ್ಚಿಡಲಿಲ್ಲ.

"ಎರಡು ಸಲಾನೂ ಸರಿಯಾಗೇ ಬಂತಾ?"

"ಹೂಂ."

"ಹಾಗಾದ್ರೆ ತಪ್ಪಿದ್ದು ನಾನೇ ಅನ್ನು." ಅಕ್ಕ ಗೋಡೆಯ ಕಡೆಗೆ ಹೊರಳಿಕೊಂಡಳು. ಆಮೇಲೆ ತಂಗಿ ಗಂಜಿ ತಂದರೆ ಕುಡಿಯುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಏಳನೇ ತಿಂಗಳಲ್ಲಿ ತೀರಿಕೊಂಡಳು.

ಬಂದವರೆಲ್ಲ ಹೋದ ಮೇಲೆ, ಅಮ್ಮನ ಬಟ್ಟೆ ಮಡಿಸುತ್ತಿದ್ದ ಅಕ್ಕನ ಮಗಳು ಕೇಳಿದಳು, "ಚಿಕ್ಕಮ್ಮ, ಅವತ್ತೇ ಕಿಮೊ ಕೊಟ್ಟಿದ್ರೆ ಅಮ್ಮ ಉಳೀತಿದ್ಲಾ?"

ಅಂಥ ಗಡ್ಡೆಗೆ ಕಿಮೊದಿಂದ ಅಷ್ಟೇನೂ ಉಪಯೋಗವಾಗುವುದಿಲ್ಲ. ತಂಗಿಗೆ ಅದು ಬಾಯಿಪಾಠ. ಆದರೂ ಅವಳು ಹೇಳಿದ್ದು ಬೇರೆ.

"ಗೊತ್ತಿಲ್ಲ ಮಗಳೇ."

"ಅಮ್ಮ ತಗೊಳ್ತೀನಿ ಅಂದಿದ್ಲು. ಬೇಡ ಅಂದಿದ್ದು ನೀನು."

ತಂಗಿ ಮಡಿಸಲೆಂದು ಅಕ್ಕನ ಸೀರೆಯೊಂದನ್ನು ಕೈಗೆತ್ತಿಕೊಂಡಳು.

ಹುಡುಗಿ ಆಮೇಲೆ ಅವಳನ್ನು ಚಿಕ್ಕಮ್ಮ ಎಂದು ಕರೆಯಲಿಲ್ಲ. ಮಾತಾಡಲೇಬೇಕಾಗಿ ಬಂದರೆ 'ನೀವು' ಎನ್ನುತ್ತಾಳೆ.