ಸಾಲಿನ ಕೊನೆಯವಳು

ಇಲ್ಲಿ ಚಳಿಗಾಲವಾದ ಜುಲೈನಲ್ಲಿ ಕ್ರೈಸ್ಟ್‌ಚರ್ಚ್ ಸುತ್ತೋಣವೆಂದು ಫ್ಲ್ಯಾಟ್ ಬುಷ್‌ನಿಂದ ನಾವು ನೆರೆಹೊರೆಯ ಹದಿಮೂರು ಜನ ವಿಮಾನದಲ್ಲಿ ಬಂದಿದ್ದೆವು. ಇಂಗ್ಲಿಷರು ತಮ್ಮೂರಿನ ನೆನಪಿಗೆ ಕಟ್ಟಿಕೊಂಡ ಊರು: ಏವನ್ ಹೊಳೆ, ಬೋಳು ಓಕ್ ಮರಗಳು, ಕಪ್ಪು ಕಲ್ಲಿನ ಕಮಾನುಗಳು. ಮುಂದೆ ನಡೆದು ಇತಿಹಾಸ ಹೇಳುವವನು ಪ್ರಣವ್. ಎಲ್ಲರ ಹಿಂದೆ ನಡೆದು, ಯಾರೂ ತಪ್ಪಿಹೋಗದಂತೆ ನೋಡಿಕೊಳ್ಳುವ ಕೆಲಸ ನನ್ನದು. ಮಂಡಿ ನೋವಿನವಳಿಗೆ ಹೇಳಿ ಮಾಡಿಸಿದ್ದು ಎಂದು ಗೆಳತಿ ಅನುರಾಧಾ ನಕ್ಕಿದ್ದಳು.

ಪ್ರಣವನ ಹೆಂಡತಿ ಮಾನ್ಯ ಅಂದು ಬೇಕೆಂದೇ ನನ್ನ ಜೊತೆ ಹಿಂದುಳಿದಳು. ಸೇತುವೆಯ ಮೇಲೆ ತನ್ನ ಫೋನನ್ನು ನನ್ನ ಚೀಲದೊಳಗೆ ಹಾಕಿದಳು.

“ನಿಮ್ಮ ಹತ್ರಾನೇ ಇರ್ಲಿ ಆಂಟಿ. ನಾನೆಲ್ಲಿದೀನಿ ಅಂತ ಅವ್ರು ಇದ್ರಲ್ಲೇ ನೋಡ್ತಿರ್ತಾರೆ.”

“ನೀನೆಲ್ಲಿಗೆ ಹೊರಟೆ?”

“ಲಿಚ್‌ಫೀಲ್ಡ್ ಸ್ಟ್ರೀಟ್‌ಗೆ. ಹನ್ನೊಂದೂವರೆಗೆ ಫ್ರೆಂಡು ಕಾರು ತರ್ತಾಳೆ. ವಾಪಸ್ ಬರಲ್ಲ. ಅರ್ಧ ಗಂಟೆ ಯಾರಿಗೂ ಹೇಳ್ಬೇಡಿ, ಅಷ್ಟೇ ಸಾಕು.”

ಏಕೆ ಎಂದು ನಾನು ಕೇಳಲಿಲ್ಲ. ಬೀದಿ ಮೂಲೆಯ ಡೈರಿ ಅಂಗಡಿಯಲ್ಲಿ ಒಂದು ಬ್ರೆಡ್ಡು ಕೊಳ್ಳಲೂ ಅವಳು ಗಂಡನಿಗೆ ಫೋನು ಮಾಡುವುದನ್ನು ಕಂಡಿದ್ದೆ. ಕಂಡೂ, ಹೊಸ ಸಂಸಾರ, ಸರಿಹೋಗುತ್ತದೆ ಎಂದು ಮೂರು ವರ್ಷ ಸುಮ್ಮನಿದ್ದೆ.

“ಹೋಗು,” ಎಂದೆ.

ಹತ್ತು ನಿಮಿಷಕ್ಕೆ ಚೀಲದಲ್ಲಿ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು. ಪ್ರಣವ್ ಸಾಲು ದಾಟಿಕೊಂಡು ಹಿಂದಕ್ಕೆ ಬಂದ.

“ಮಾನ್ಯ ಎಲ್ಲಿ ಆಂಟಿ?”

“ಟಾಯ್ಲೆಟ್‌ಗೆ ಹೋದ್ಲಪ್ಪ.”

“ಫೋನು ನಿಮ್ಮ ಬ್ಯಾಗಲ್ಲಿದೆ. ಕೊಡಿ.” ಅವನು ದನಿ ಏರಿಸಲಿಲ್ಲ. ಫೋನು ತೆಗೆದುಕೊಂಡು, ತನ್ನ ಜೇಬಿನಿಂದ ನೀಲಿ ಇನ್ಹೇಲರ್ ತೆಗೆದು ತೋರಿಸಿದ. “ಈ ಚಳೀಲಿ ಇದಿಲ್ದೆ ಎಲ್ಲಾದ್ರೂ ಬಿದ್ರೆ? ಹೋದ ವರ್ಷ ಆಸ್ತಮಾ ಅಂತ ಐಸಿಯುನಲ್ಲಿದ್ಲು, ನಿಮಗೇ ಗೊತ್ತಲ್ಲ.”

ಗೊತ್ತಿತ್ತು. ಆಸ್ಪತ್ರೆಗೆ ಅನ್ನ ಸಾರು ಒಯ್ದವಳೇ ನಾನು. ಗುರುತಿಲ್ಲದ ಬೀದಿಯಲ್ಲಿ ಒಬ್ಬಳೇ ಉಸಿರಿಗಾಗಿ ಒದ್ದಾಡುವ ಹುಡುಗಿ ಕಣ್ಣ ಮುಂದೆ ಬಂದಳು.

“ಲಿಚ್‌ಫೀಲ್ಡ್ ಸ್ಟ್ರೀಟು,” ಎಂದುಬಿಟ್ಟೆ.

“ಥ್ಯಾಂಕ್ಸ್ ಆಂಟಿ,” ಎಂದವನೇ ಬೀಸುಹೆಜ್ಜೆ ಹಾಕಿದ.

ಅವಳ ಔಷಧ ಅವನ ಜೇಬಿನಲ್ಲೇಕೆ ಇರುತ್ತದೆ ಎಂಬುದು ನನಗೆ ಹೊಳೆದದ್ದು ಅವನು ತಿರುವು ದಾಟಿದ ಮೇಲೆ. ಅವನ ಹಿಂದೆಯೇ ಹೊರಟೆ. ಒಂದು ಬೀದಿ ದಾಟುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಕಲ್ಲಿನ ಗೋಡೆಗೆ ಕೈಯಾನಿಸಿ ನಿಂತೆ, ಕಲ್ಲು ಮಂಜುಗಡ್ಡೆಯಾಗಿತ್ತು.

ಕುಂಟುತ್ತಾ ಗುಂಪಿಗೆ ಮರಳಿದೆ. ಹನ್ನೆರಡಕ್ಕೆ ಅವರಿಬ್ಬರೂ ಅಲ್ಲಿಗೆ ಬಂದರು. ಅವನ ಕೈ ಅವಳ ಹೆಗಲ ಮೇಲಿತ್ತು. “ದಾರಿ ತಪ್ಪಿಬಿಟ್ಟಿದ್ಲು,” ಎಂದ ಎಲ್ಲರಿಗೂ.

“ಹುಡುಕ್ಕೊಂಡು ಬರೋ ಗಂಡ ಸಿಕ್ಕಿದಾನೆ, ಪುಣ್ಯವಂತೆ ಕಣೆ ನೀನು,” ಎಂದಳು ಅನುರಾಧಾ. “ನಮ್ಮನೆಯವ್ರಾಗಿದ್ರೆ ಕಾಫಿ ಮುಗಿಸ್ಕೊಂಡು ಹೊರಡ್ತಿದ್ರು.”

ಎಲ್ಲರೂ ನಕ್ಕರು. ಮಾನ್ಯಳೂ ನಕ್ಕಳು.

“ಇನ್ಮೇಲೆ ಇವ್ಳು ಮುಂದೆ ನನ್ನ ಪಕ್ಕದಲ್ಲೇ ನಡೀಲಿ. ನಿಮಗ್ಯಾಕೆ ತೊಂದ್ರೆ ಆಂಟಿ,” ಎಂದು ಪ್ರಣವ್ ಮುಂದಕ್ಕೆ ಹೋದ.

ನನ್ನನ್ನು ಹಾದುಹೋಗುವಾಗ ಅವಳು ಒಂದು ಕ್ಷಣ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಕಾರು ಕಾಣಿಸ್ತಿತ್ತು ಆಂಟಿ,” ಎಂದಳು.