ಗುಬ್ಬಿ ನಿಲ್ಲಿಸಿದ ಕಾರ್ಖಾನೆ

ಹೊರದೇಶದ ಹುಡುಗಿಯರನ್ನು ಕರೆಸಿ ನಾಯಕತ್ವ ಕಲಿಸುವ ಆ ಕಾರ್ಯಕ್ರಮದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಹುಡುಗಿಯೂ ಒಂದು ದಿನದ ಮಟ್ಟಿಗೆ ದೊಡ್ಡ ಅಧಿಕಾರಿಯೊಬ್ಬಳ ಕೆಲಸವನ್ನು ತಾನೇ ನಡೆಸಬೇಕು. ನಮ್ಮ ಕಡೆಯಿಂದ ಹೋಗಿದ್ದ ಗುಬ್ಬಿಯ ಪಾಲಿಗೆ ಬಿಸ್ಕತ್ತು ಕಾರ್ಖಾನೆ ಬಂತು.

ಗುಬ್ಬಿ ಅನ್ನುವುದು ಅಣ್ಣಂದಿರು ಇಟ್ಟ ಹೆಸರು. ಮನೆಯಲ್ಲಿ ಅವಳು ತುಟಿ ಬಿಚ್ಚಿದರೆ ಸಾಕು, ಆ ಮಹಾರಾಯರು ನಡುವೆ ಬಾಯಿ ಹಾಕುತ್ತಿದ್ದರು. ಅವಳ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

ಗಡಗಡ ಸದ್ದಿನ ಯಂತ್ರಗಳ ನಡುವೆ ನಿಂತು ಕಾರ್ಖಾನೆಯ ಮೇಡಂ ಕೂಗಿ ಕೇಳಿದರು: "ಹೇಳು, ನನ್ನ ಜಾಗದಲ್ಲಿ ನೀನಿದ್ರೆ ಮೊದಲು ಏನ್ ಮಾಡ್ತೀಯ?"

"ಈ ಸದ್ದು ನಿಲ್ಲಿಸ್ತೀನಿ," ಎಂದಳು ಗುಬ್ಬಿ, ಹೇಗೂ ಯಾರು ಕೇಳುತ್ತಾರೆ ಅನ್ನುವ ಧೈರ್ಯದಲ್ಲಿ.

ಮೇಡಂ ಕೈ ಎತ್ತಿದರು. ಬೆಲ್ಟುಗಳು ನಿಂತವು. ಹಿಟ್ಟು ಕಲಸುವ ಡ್ರಮ್ಮು ಇನ್ನೊಂದು ಸುತ್ತು ನರಳಿ ಸುಮ್ಮನಾಯಿತು. ಅರ್ಧ ಬೆಂದ ಬಿಸ್ಕತ್ತುಗಳು ಒಲೆಯ ಬಾಯಲ್ಲೇ ಉಳಿದವು.

ತಮಾಷೆಗೆ ಅಂದೆ ಅನ್ನಲು ಹೊರಟಳು ಗುಬ್ಬಿ; ಅಷ್ಟರಲ್ಲಿ ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ಕಿವಿಯಿಂದ ಹತ್ತಿ ತೆಗೆದು ಅವಳತ್ತ ತಿರುಗಿದರು. ಒಬ್ಬರೂ ನಗಲಿಲ್ಲ.

"ನಿಲ್ಸಿದ್ದಾಯ್ತು. ಮುಂದೆ ಹೇಳಮ್ಮ, ಕೇಳ್ತಿದೀವಿ," ಎಂದರು ಮೇಡಂ.

ಗುಬ್ಬಿ ಬಾಯಿ ತೆರೆದಳು. ಅಭ್ಯಾಸಬಲದಿಂದ, ಯಾರಾದರೂ ನಡುವೆ ಬಾಯಿ ಹಾಕಲೆಂದು ಕಾದಳು. ಯಾರೂ ಹಾಕಲಿಲ್ಲ. ಹುಟ್ಟಿದಾಗಿನಿಂದ ಮೊದಲ ಮಾತನ್ನೇ ಮುಗಿಸಲು ಬಿಡದ ಮನೆಯಿಂದ ಬಂದವಳಿಗೆ, ಎರಡನೆಯ ಮಾತೂ ಒಂದು ಬೇಕಾದೀತೆಂದು ಹೊಳೆದೇ ಇರಲಿಲ್ಲ.