ಕಡ್ಲಿ ಹುಳಿಯ ಸೀರಮ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮುಖ ಸುಟ್ಟುಕೊಂಡವಳು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ಬಹಳ ಹೆಣಗಾಡಿದೆ, ಯಾರೂ ಒಪ್ಪಲಿಲ್ಲ.

ನಾನು ರೂಪಾ, ಸೂಡಿಯವಳು. ಗಜೇಂದ್ರಗಡದಲ್ಲಿ ಬಿ.ಎ. ಎರಡನೇ ವರ್ಷ. ಓದಿನಲ್ಲಿ ನನ್ನನ್ನು ಕೇಳುವವರಿಲ್ಲ, ಆದರೆ ಕೈಗೆ ಮೈಕ್ ಕೊಟ್ಟು ನೋಡಿ! ಹೋದ ವರ್ಷ ನಮ್ಮೂರ ತೆರಬಂಡಿ ಸ್ಪರ್ಧೆಯ ದಿನ ಅದು ಎಲ್ಲರಿಗೂ ಗೊತ್ತಾಯಿತು. ತೆರಬಂಡಿ ಎಂದರೆ ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಜೋಡೆತ್ತುಗಳು ಒಂದು ನಿಮಿಷದಲ್ಲಿ ಎಷ್ಟು ದೂರ ಎಳೆಯುತ್ತವೆ ಎಂಬ ಪಂದ್ಯ. ಬರೀ ಒಂದು ನಿಮಿಷ, ಆದರೆ ಆ ಅರವತ್ತು ಸೆಕೆಂಡು ನೋಡುವವರ ಜೀವ ಬಾಯಿಗೆ ಬಂದಿರುತ್ತದೆ. ಇಪ್ಪತ್ತು ವರ್ಷದಿಂದ ಕಾಮೆಂಟ್ರಿ ಹೇಳುತ್ತಿದ್ದ ನಮ್ಮ ಕಳಕೇಶ ಮಾವನ ಗಂಟಲು ಅಂದು ಮಧ್ಯಾಹ್ನವೇ ಕಟ್ಟಿತು. ಮೈಕಿನ ಡೇರೆಯಲ್ಲಿ ಅವನಿಗೆ ನೀರು ಕೊಡುತ್ತ ಕುಳಿತಿದ್ದ ನಾನು ಸುಮ್ಮನಿರಲಾರದೆ ಮೈಕ್ ಕಸಿದುಕೊಂಡೆ. ಆಮೇಲೆ ಎರಡು ತಾಸು ಒದರಿದ್ದೇ ಒದರಿದ್ದು. ಡೇರೆಯ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು, ನಾನು ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕಿಂತ ಸುಖ ಇನ್ನೇನು ಬೇಕು?

ಏಕೆಂದರೆ ನನ್ನ ಮುಖದ ತುಂಬ ಮೊಡವೆ. ಪಿಯುಸಿಯಲ್ಲಿ ಹಣೆಯ ಮೇಲೆ ನಾಲ್ಕು ಬಂದವು, ಆಮೇಲೆ ಬಂಧುಬಳಗವನ್ನೆಲ್ಲ ಕರೆದುಕೊಂಡು ಕೆನ್ನೆಗೆ ಇಳಿದವು. ನೋಡಿದವರೆಲ್ಲ ವೈದ್ಯರೇ. ಒಬ್ಬರು ಶೇಂಗಾ ಬಿಡು ಎಂದರು, ಒಬ್ಬರು ರಕ್ತ ಕೆಟ್ಟಿದೆ ಎಂದರು. ನಮ್ಮ ಚಿಗವ್ವ ಸಕ್ರವ್ವ ಮಾತ್ರ ಎಲ್ಲರೆದುರೇ, "ಲಗ್ನಾ ಆದರ ತಾವ ಹೋಗತಾವ ತಗೋ" ಎಂದಳು. ಮೊಡವೆಗೋಸ್ಕರ ಗಂಡನನ್ನು ಹುಡುಕಬೇಕೇ! ನನಗೆ ಮೈಯೆಲ್ಲ ಉರಿಯಿತು.

ಈ ವರ್ಷ ಸಂಕ್ರಾಂತಿಯ ತೆರಬಂಡಿಗೆ ಮೂರು ವಾರ ಇರುವಾಗ ಪಂದ್ಯದ ಕಮಿಟಿಯ ಹಿರಿಯರಾದ ಪ್ರಭುಲಿಂಗಪ್ಪನವರು ಮನೆಗೇ ಬಂದರು.

"ರೂಪವ್ವಾ, ಈ ಸಲ ಪೂರಾ ಕಾಮೆಂಟ್ರಿ ನಿಂದ" ಎಂದರು.

ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅಪ್ಪ ಅಂದಾನೆಪ್ಪ ಮೀಸೆಯಲ್ಲೇ ನಗುತ್ತಿದ್ದ. ನಮ್ಮ ಭಾಗದಲ್ಲಿ ಒಂದು ಹುಡುಗಿ ಇಡೀ ದಿನ ತೆರಬಂಡಿ ಕಾಮೆಂಟ್ರಿ ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ. ಅಷ್ಟರಲ್ಲಿ ಅವರು ಚಹಾದ ಬಟ್ಟಲು ಕೆಳಗಿಟ್ಟು ಮುಂದಿನ ಮಾತು ಹೇಳಿದರು.

"ಗಜೇಂದ್ರಗಡದ ಬಾಷಾ ಅದಾನಲ್ಲ, ತನ್ನ ಚಾನೆಲ್ ಮ್ಯಾಲ ಲೈವ್ ಬಿಡಾಂವ ಅದಾನ. ಹಂಗಾಗಿ ಡೇರೆ ಇಲ್ಲ. ಟ್ರೇಲರ್ ಮ್ಯಾಲ ನಿಂತ ಹೇಳಬೇಕು. ಒಂದ ಕ್ಯಾಮೆರಾ ಎತ್ತಿಗೆ, ಒಂದ ನಿನಗ."

ಒಂದು ಕ್ಯಾಮೆರಾ ನನಗೆ! ನನ್ನ ಸಂತೋಷವೆಲ್ಲ ಅಲ್ಲೇ ಇಳಿದುಹೋಯಿತು. ಕಾಮೆಂಟ್ರಿ ಬಿಡುವುದು ನನ್ನಿಂದ ಆಗದ ಮಾತು, ಈ ಮುಖ ಹೊತ್ತು ಕ್ಯಾಮೆರಾ ಮುಂದೆ ನಿಲ್ಲುವುದೂ ಆಗದ ಮಾತು. ಉಳಿದದ್ದು ಒಂದೇ ದಾರಿ, ಮೂರು ವಾರದಲ್ಲಿ ಮುಖ ನುಣ್ಣಗಾಗಬೇಕು.

ಮರುದಿನ ಕಾಲೇಜಿನಲ್ಲಿ ಗೆಳತಿ ಆಸಿಫಾಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅದರಲ್ಲಿ ಒಬ್ಬಳು ಗಾಜಿನಂಥ ಮುಖದವಳು ಸಣ್ಣ ಬಾಟಲಿ ಹಿಡಿದು, ಮೊಡವೆಗೆ ಆಸಿಡ್ ಇರುವ ಸೀರಮ್ ಹಚ್ಚಬೇಕು, ಸ್ವಲ್ಪ ಚುರುಗುಟ್ಟಿದರೆ ಹೆದರಬಾರದು ಎನ್ನುತ್ತಿದ್ದಳು.

"ಆಸಿಡ್ ಅಂದ್ರ ಹುಳಿ ಹೌದಿಲ್ಲೋ?" ಎಂದೆ ನಾನು.

"ಹೌದು. ಯಾಕ?"

"ನಮ್ಮ ಹೊಲದಾಗ ಬೇಕಾದಷ್ಟ ಐತಿ!"

ಕಡಲೆ ಗಿಡದ ಎಲೆಯಲ್ಲಿ ಹುಳಿ ಇರುತ್ತದೆಂಬುದು ಕರಿಮಣ್ಣಿನ ಎರೆಹೊಲದವರಿಗೆಲ್ಲ ಗೊತ್ತು. ಚಳಿಗಾಲದಲ್ಲಿ ನಮ್ಮ ಅಮ್ಮ ನೀಲವ್ವ, ಅಂದರೆ ಅಪ್ಪನ ತಾಯಿ, ಸಂಜೆ ಹೋಗಿ ಗಿಡಗಳ ಮೇಲೆ ಬಿಳಿ ಧೋತರ ಹಾಸಿ ಬರುತ್ತಾಳೆ. ರಾತ್ರಿಯ ಇಬ್ಬನಿ ಆ ಹುಳಿಯನ್ನೆಲ್ಲ ಬಟ್ಟೆಗೆ ಇಳಿಸುತ್ತದೆ. ನಸುಕಿನಲ್ಲಿ ಹೋಗಿ ಬಟ್ಟೆ ಹಿಂಡಿ ಬಾಟಲಿ ತುಂಬಿಕೊಂಡು ಬಂದರೆ ವರ್ಷವಿಡೀ ಹೊಟ್ಟೆನೋವಿಗೆ ಅದೇ ಮದ್ದು, ಒಂದು ಚಮಚ ನೀರಿಗೆ ಬೆರೆಸಿ ಕುಡಿಸುತ್ತಾಳೆ. ಅದೇ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕಾಲು ಉರಿಯುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ಬೇಕಾದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಬುದ್ಧಿ ನನ್ನದು.

ಅಮ್ಮನ ಬಾಟಲಿಯಿಂದ ಅರ್ಧ ಬಟ್ಟಲು ಕದ್ದೆ. ಮೊದಲ ದಿನ ಹತ್ತಿಯಲ್ಲಿ ಅದ್ದಿ ಎರಡು ಮೊಡವೆಗೆ ಇಟ್ಟೆ. ಚುರುಚುರು ಎಂದಿತು. ಆಹಾ, ಕೆಲಸ ಶುರು! ಮೂರನೇ ದಿನಕ್ಕೆ ಒಂದು ಮೊಡವೆ ಒಣಗಿತು. ನಾನು ಅಂಗಳದಲ್ಲಿ ಕುಣಿದೆ. ಆಸಿಫಾಳಿಗೆ ಫೋನ್ ಮಾಡಿ, ಇದಕ್ಕೊಂದು ಹೆಸರಿಟ್ಟು ಬಾಟಲಿ ತುಂಬಿ ಮಾರೋಣ ಎಂದೂ ಹೇಳಿದೆ. ಎಂಟನೇ ದಿನಕ್ಕೆ ದುರಾಸೆ ಮೇರೆ ಮೀರಿತು. ಉಳಿದ ಹುಳಿಯನ್ನು ತಾಟಿನಲ್ಲಿ ಬಿಸಿಲಿಗಿಟ್ಟು ಗಟ್ಟಿ ಮಾಡಿ, ಮುಖಕ್ಕೆಲ್ಲ ಬಳಿದುಕೊಂಡು, ಮೇಲೆ ಸ್ಕಾರ್ಫ್ ಬಿಗಿದು ಕಾಲೇಜಿನ ಬಸ್ ಹತ್ತಿದೆ.

ಬಸ್ ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು. ಆಸಿಫಾ ಸ್ಕಾರ್ಫ್ ಬಿಚ್ಚಿ ನೋಡಿದವಳೇ ಚೀರಿದಳು. ಕೆನ್ನೆ ಕೆಂಪಗೆ ಬಾತು, ಮೂಗಿನ ಪಕ್ಕ ಚರ್ಮ ಸುಲಿದಿತ್ತು. ಮೊಡವೆಗಳು ಮಾತ್ರ ಒಂದೂ ಅಲುಗಾಡದೆ ಇದ್ದಲ್ಲೇ ಇದ್ದವು.

"ಹೊಟ್ಟಿಗೆ ಕುಡಿಯೂದ್ನ ಮಾರಿಗೆ ಬಳಕೊಂಡಿಯಲ್ಲ ಹುಚ್ಚಿ!" ಎಂದು ಮನೆಯಲ್ಲಿ ಅಮ್ಮ ಹಣೆ ಹಣೆ ಬಡಿದುಕೊಂಡಳು. ಅವಳಿಗೆ ನನ್ನ ಮುಖ ಹೋದದ್ದಕ್ಕಿಂತ ಹುಳಿ ಹೋದದ್ದೇ ಹೆಚ್ಚು ಸಂಕಟವಾದಂತಿತ್ತು.

ಗದಗಿನಿಂದ ಗುರುವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಬರುವ ಚರ್ಮದ ಡಾಕ್ಟರರ ಹತ್ತಿರ ನನ್ನ ಹೆತ್ತವ್ವ ಕರೆದುಕೊಂಡು ಹೋದಳು. ರಾಜೇಶ್ವರಿ ಎಂದು ಅವರ ಹೆಸರು. ನಾನು ನಡೆದದ್ದನ್ನೆಲ್ಲ ಹೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

"ಪೇಸ್ಟ್ ಹಚ್ಚಿದವ್ರನ ನೋಡೀನಿ, ಎಲಿ ಅಡಿಕಿ ಸುಣ್ಣಾ ಹಚ್ಚಿದವ್ರನ ನೋಡೀನಿ. ಕಡ್ಲಿ ಹುಳಿ ಹಚ್ಕೊಂಡಾಕಿ ನೀನ ಮೊದಲ್ನೇದಾಕಿ" ಎಂದರು. ನಗು ತಡೆಯಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು.

"ಅಂಗಡ್ಯಾಗಿನ ಸೀರಮಿನ್ಯಾಗೂ ಆಸಿಡ್ ಇರತೈತಲ್ರಿ?"

"ಇರತೈತಿ. ಅದು ಯಾವುದು, ಎಷ್ಟು ಅಂತ ಅಳತಿ ಮಾಡಿ ಹಾಕಿರತಾರ. ನಿನ್ನ ತಾಟಿನ್ಯಾಗ ಅಳತಿ ಎಲ್ಲಿತ್ತು?"

ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದರು. ಮೊಡವೆ ಎಂದರೆ ಹೊಲಸಲ್ಲ, ಕೆಟ್ಟ ರಕ್ತವಲ್ಲ, ನನ್ನ ತಪ್ಪೂ ಅಲ್ಲ. ಈ ವಯಸ್ಸಿನಲ್ಲಿ ಚರ್ಮದೊಳಗೆ ಎಣ್ಣೆ ಹೆಚ್ಚಾಗುತ್ತದೆ, ಸಣ್ಣ ರಂಧ್ರಗಳು ಕಟ್ಟಿಕೊಂಡು ಒಳಗೆ ಬಾವು ಬರುತ್ತದೆ. ತಿಕ್ಕಿ ತೊಳೆದರೆ ಹೋಗುವುದಿಲ್ಲ, ಹಿಚುಕಿದರೆ ಕಲೆ ಉಳಿಯುತ್ತದೆ. ಈಗ ಸುಟ್ಟ ಚರ್ಮ ಮಾಯುವವರೆಗೆ ಅವರು ಕೊಟ್ಟ ಮೆತ್ತಗಿನ ಕ್ರೀಮ್ ಬಿಟ್ಟು ಏನೂ ಹಚ್ಚಬಾರದು, ಬಿಸಿಲಿಗೆ ಮುಖ ಒಡ್ಡಬಾರದು. ಮಾಯ್ದ ಮೇಲೆ ದಿನಕ್ಕೆರಡು ಸಲ ಹಗುರಾಗಿ ತೊಳೆಯುವುದು, ಮಲಗುವ ಮುಂಚೆ ಕಡಲೆಕಾಳಿನಷ್ಟು ಔಷಧ ಮುಖಕ್ಕೆಲ್ಲ ತೆಳ್ಳಗೆ ಸವರುವುದು, ಅದೂ ಮೊದಲು ದಿನ ಬಿಟ್ಟು ದಿನ. ಯಾರೋ ಹೇಳಿದರೆಂದು ಅಂಗಡಿಯಿಂದ ಬೆಳ್ಳಗಾಗುವ ಟ್ಯೂಬ್ ತಂದು ಹಚ್ಚಿದರೆ ಇನ್ನೂ ಕೆಡುತ್ತದೆ ಎಂದು ಬೆರಳೆತ್ತಿ ಹೇಳಿದರು.

"ಲಗ್ನಾ ಆದರ ಹೋಗತಾವಂತಲ್ರಿ?" ಎಂದು ಅವ್ವ ಮೆಲ್ಲಗೆ ಕೇಳಿದಳು.

"ಹೊರಗ ಪಾಳಿ ಹಚ್ಚಿ ಕುಂತಾರ ನೋಡ್ರಿ, ಅದ್ರಾಗ ಅರ್ಧಾ ಮಂದಿ ಲಗ್ನಾ ಆದವ್ರ."

ನಾನು ನನ್ನ ಪ್ರಶ್ನೆ ಕೇಳಿದೆ. "ಪಂದ್ಯ ಬರೂ ರವಿವಾರದ ಮುಂದಿನ ರವಿವಾರ ಐತ್ರಿ. ಅಷ್ಟರಾಗ ಹೋಗತಾವಲ್ರಿ?"

"ಇಲ್ಲ" ಎಂದರು ಡಾಕ್ಟರು. "ಹನ್ನೆರಡು ವಾರ ಬೇಕು. ನಡುವ ಒಮ್ಮೆ ಜಾಸ್ತಿ ಆದಂಗೂ ಆಗತೈತಿ, ಬಿಡಬ್ಯಾಡ. ಪಂದ್ಯದ ದಿನಾ ನಿನ್ನ ಮೊಡವಿ ನಿನ್ನ ಮಾರಿ ಮ್ಯಾಲ ಇರತಾವ."

ಎಷ್ಟು ಸಿಟ್ಟು ಬಂತೆಂದರೆ ಬಾಗಿಲು ಬಡಿದುಕೊಂಡು ಹೊರಗೆ ಬಂದೆ. ಆದರೆ ಅವರು ಹೇಳಿದ್ದು ಖರೆಯಾಯಿತು. ಇದನ್ನು ಬರೆಯುತ್ತಿರುವುದು ಔಷಧ ಶುರುವಾದ ಒಂಬತ್ತನೇ ವಾರದಲ್ಲಿ. ಹಣೆ ತಿಳಿಯಾಗಿದೆ, ಎಡಗೆನ್ನೆ ಮಾತು ಕೇಳುತ್ತಿದೆ, ಬಲಗೆನ್ನೆ ಇನ್ನೂ ಹಟ ಹಿಡಿದಿದೆ.

ಆದರೆ ಅಂದು ನನ್ನ ಕೈಯಲ್ಲಿದ್ದದ್ದು ಹತ್ತು ದಿನ. ಕಾಮೆಂಟ್ರಿ ನನ್ನದೇ ಆಗಬೇಕು, ಮುಖ ಮಾತ್ರ ಕಾಣಬಾರದು. ಯೋಚಿಸಿ ಯೋಚಿಸಿ ಕಳಕೇಶ ಮಾವನನ್ನು ಹಿಡಿದೆ.

"ಮಾವಾ, ನೀ ಟ್ರೇಲರ್ ಮ್ಯಾಲ ಖಾಲಿ ಮೈಕ್ ಹಿಡದ ಬಾಯಿ ಆಡಸು. ನಾ ಕೆಳಗ ತಾಡಪತ್ರಿ ಮರಿಗೆ ಕುಂತ ಹೇಳತೀನಿ."

"ನಿನಗ ಎತ್ತ ಹ್ಯಾಂಗ ಕಾಣತಾವ?"

"ನೀ ಕಾಲಿಲೆ ಸನ್ನಿ ಮಾಡು. ಒಂದ ಸಲ ತುಳದ್ರ ಬಂಡಿ ಬಿಟ್ಟಂಗ, ಎರಡ ಸಲ ತುಳದ್ರ ಟೈಮ್ ಮುಗದಂಗ."

ಮಾವನಿಗೆ ಕ್ಯಾಮೆರಾ ಎಂದರೆ ಪ್ರಾಣ. ಕೂಡಲೇ ಹೂಂ ಎಂದ. ಪ್ರಭುಲಿಂಗಪ್ಪನವರು ತಲೆ ಕೆರೆದುಕೊಂಡು, "ಏನರ ಮಾಡ್ಕೋರಿ, ಕಾಮೆಂಟ್ರಿ ನಿಲ್ಲಬಾರ್ದು ಅಷ್ಟ" ಎಂದು ಸುಮ್ಮನಾದರು.

ಪಂದ್ಯದ ದಿನ ಮಾವ ತಲೆಗೆ ಗುಲಾಬಿ ಪಟಗ ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ ಬಂದಿದ್ದ. ನಾನು ತಾಡಪತ್ರಿಯ ಮರೆಯಲ್ಲಿ ಟ್ರೇಲರಿನ ಗಾಲಿಗೆ ಒರಗಿ ಕೂತೆ. ಪಕ್ಕದಲ್ಲಿ ಆಸಿಫಾ ಜೋಡಿಗಳ ಹೆಸರಿನ ಪಟ್ಟಿ ಹಿಡಿದಿದ್ದಳು. ಹದಿನಾಲ್ಕು ಜೋಡಿ ಸುಸೂತ್ರವಾಗಿ ಮುಗಿದವು. ಮಾವನ ಕಾಲು ಡಬ್ ಎಂದರೆ ನಾನು ಶುರು, ಡಬ್ ಡಬ್ ಎಂದರೆ ನಿಲುಗಡೆ. ನಡುವೆ ಎತ್ತು ಎಲ್ಲಿವೆ ಎಂಬುದು ದೇವರಿಗೇ ಗೊತ್ತು, ಜನರ ಕೂಗು ಕೇಳಿ ಅಂದಾಜಿನ ಮೇಲೆ ಹೇಳುತ್ತಿದ್ದೆ. ಹೋದ ವರ್ಷದ ಹುರುಪು ಮಾತ್ರ ಬರಲಿಲ್ಲ. ಇಡೀ ವರ್ಷ ಕಾದಿದ್ದ ಪಂದ್ಯದಲ್ಲಿ ನಾನು ಒಂದು ಎತ್ತಿನ ಬಾಲವನ್ನೂ ನೋಡಿರಲಿಲ್ಲ.

ಹದಿನೈದನೆಯದು, ಅಂದರೆ ಕೊನೆಯದು, ಹೊಳೆಮಣ್ಣೂರಿನ ಯಮನೂರಪ್ಪನವರ ಜೋಡಿ. ಡಬ್! ನಾನು ಶುರು ಮಾಡಿದೆ. ಆ ಎತ್ತುಗಳು ಎಳೆದ ರಭಸಕ್ಕೆ ಜನ ಹುಚ್ಚೆದ್ದು ಕೂಗಿದರು. ಮಾವನೂ ಮೈಮರೆತ. ಮೇಲೆ ನಿಂತು ಕುಣಿಯತೊಡಗಿದ. ಡಬ್ ಡಬ್!

"ಟೈಮ್ ಮುಗೀತು! ನಿಲ್ಲಿಸ್ರಿ!" ಎಂದು ಒದರಿದೆ.

ಯಮನೂರಪ್ಪನವರು ಹಗ್ಗ ಎಳೆದು ಎತ್ತು ನಿಲ್ಲಿಸಿದರು. ಗಡಿಯಾರ ಹಿಡಿದವರ ಲೆಕ್ಕದಲ್ಲಿ ಇನ್ನೂ ಹದಿನೆಂಟು ಸೆಕೆಂಡು ಉಳಿದಿದ್ದವು.

ಮೈದಾನವೇ ಎದ್ದು ನಿಂತಿತು. ಯಮನೂರಪ್ಪನವರು ಬಾರುಕೋಲು ಹಿಡಿದುಕೊಂಡೇ ಟ್ರೇಲರ್ ಕಡೆ ನುಗ್ಗಿ ಬಂದರು. ಮಾವ ಹೆದರಿ ಕೆಳಗೆ ಬೆರಳು ತೋರಿಸಿದ. ಅವರು ತಾಡಪತ್ರಿ ಸರಿಸಿದರು. ಸುಲಿದ ಮೂಗು, ಕೆಂಪು ಕೆನ್ನೆ, ಅದರ ಮೇಲೆ ಮೊಡವೆ, ಎಲ್ಲವನ್ನೂ ಹೊತ್ತು ನಾನು ಮೈಕ್ ಹಿಡಿದು ಕೂತಿದ್ದೆ.

"ನೀ ಇಲ್ಲಿ ಯಾಕ ಕುಂತಿ? ಎತ್ತ ನೋಡದ ಹ್ಯಾಂಗ ಹೇಳಿದಿ ಟೈಮ್ ಮುಗೀತಂತ?"

"ಮಾರಿ ಕೆಟ್ಟೈತ್ರಿ..." ಎಂದೆ.

"ಮಾರಿ ಕೆಟ್ಟರ ಕಣ್ಣೂ ಕೆಟ್ಟಾವೇನು?"

ಒಬ್ಬ ಮನುಷ್ಯ ವರ್ಷವಿಡೀ ಸಾಕಿ ತಂದ ಎತ್ತುಗಳ ಗೆಲುವನ್ನು ನನ್ನ ನಾಚಿಕೆ ತಿಂದುಹಾಕಿತ್ತು. ಅಂದಿನಷ್ಟು ಅವಮಾನ ಮೊಡವೆಯಿಂದ ನನಗೆ ಎಂದೂ ಆಗಿರಲಿಲ್ಲ.

ಕಮಿಟಿಯವರು ಮಾತಾಡಿಕೊಂಡು, ಎತ್ತುಗಳಿಗೆ ದಣಿವಾರಿಸಿ ಇನ್ನೊಂದು ಸಲ ಎಳೆಯಲಿ ಎಂದರು. ಯಮನೂರಪ್ಪನವರು ಬಾರುಕೋಲನ್ನು ನನ್ನತ್ತ ಚಾಚಿದರು. "ಎಳಸ್ತೀನಿ. ಆದ್ರ ಈ ಹುಡುಗಿ ಮ್ಯಾಲ ನಿಂತ, ಕಣ್ಣಿಲೆ ನೋಡಿ ಹೇಳಬೇಕು. ಇಲ್ಲಂದ್ರ ಬ್ಯಾಡ."

ಆಸಿಫಾ ನನ್ನ ಮುಖ ನೋಡಿದಳು. ನಾನು ಟ್ರೇಲರ್ ನೋಡಿದೆ. ಮೇಲೆ ಬಾಷಾನ ಕ್ಯಾಮೆರಾ ನನಗಾಗಿಯೇ ಕಾಯುತ್ತಿತ್ತು. ಗಾಲಿಯ ಮೇಲೆ ಕಾಲಿಟ್ಟು ಹತ್ತಿಬಿಟ್ಟೆ.

ಅಬ್ಬಾ, ಮೇಲಿಂದ ಏನು ಕಾಣುತ್ತಿತ್ತು! ಎರೆಹೊಲದ ಉದ್ದಕ್ಕೂ ಜನ, ದೂರದಲ್ಲಿ ಅಂದು ಎಲ್ಲರಿಗಿಂತ ಹೆಚ್ಚು ಎಳೆದ ನಮ್ಮೂರ ಜೋಡಿಯ ಗುರುತು, ನಡುವೆ ಬಂಡಿ, ಎಡಕ್ಕೆ ಕರಿಯ, ಬಲಕ್ಕೆ ಮಾಸಲು ಬಿಳಿಯ. ಎರಡೂ ಮೂಗಿನಿಂದ ಉಸಿರು ಬಿಡುತ್ತ ನೆಲ ಕೆರೆಯುತ್ತಿದ್ದವು. ಕ್ಯಾಮೆರಾ ಎಲ್ಲಿದೆ ಎಂಬುದೇ ಮರೆತುಹೋಯಿತು. ಸೀಟಿ ಊದಿದರು.

"ಬಿಟ್ಟಾವ್ ನೋಡ್ರೆಪೋ ನೋಡ್ರಿ! ಹೊಳೆಮಣ್ಣೂರ ಜೋಡಿ! ಹೊಳಿ ಊರಾಗ ಹೊಕ್ಕಾಗ ಎದಿಮಟ ನೀರಾಗ ನಿಂತ ಎತ್ತ ಇವು, ಎರಿಮಣ್ಣಿಗೆ ಅಂಜತಾವೇನ್ರಿ? ಕರಿಯಾ ಕೊಳ್ಳ ಕೊಟ್ಟಾನ! ಬಿಳಿಯಾ ಬಿಡವಲ್ಲ! ಹಿಂದ ಧೂಳ, ಮುಂದ ದಾರಿ! ಸೂಡಿ ಗುರುತ ಕಾಣಾಕತ್ತೈತಿ, ನಮ್ಮೂರಿನ ಗುರುತ, ಮುಟ್ಟಲಿ ಅಂತ ಹೇಳಲೋ ಬ್ಯಾಡ ಅನ್ನಲೋ! ಹತ್ತ ಸೆಕೆಂಡ! ಎಳೀರೋ ನನ್ನ ಹುಲಿಗಳ್ಯಾ, ಎಳೀರಿ!"

ನಾನು ಸೂಡಿಯವಳು ಎಂಬುದನ್ನೂ ಮರೆತು ಒದರುತ್ತಿದ್ದೆ. ಈ ಸಲ ಗಡಿಯಾರ ಹಿಡಿದವರ ಕೈ ಇಳಿದದ್ದನ್ನು ಕಣ್ಣಾರೆ ಕಂಡೇ ನಿಲ್ಲಿಸಿ ಎಂದೆ. ಅಳೆದರು. ನಮ್ಮೂರ ಜೋಡಿಯ ಗುರುತಿಗೆ ಒಂದು ಗೇಣು ಕಡಿಮೆ. ಯಮನೂರಪ್ಪನವರಿಗೆ ಎರಡನೇ ಬಹುಮಾನ. ನನಗೆ ಅಳು ಬಂತು. ಅವರು ಎತ್ತುಗಳ ಬೆನ್ನು ತಟ್ಟುತ್ತ ನನ್ನ ಕಡೆ ನೋಡಿ, "ಈಗ ಹೇಳಿದಿ ನೋಡ ಕಾಮೆಂಟ್ರಿ!" ಎಂದು ಕೂಗಿ ಹೇಳಿದರು. ಉಳಿದ ಬಹುಮಾನಗಳ ಹೆಸರನ್ನೂ ನಾನೇ ಮೇಲೆ ನಿಂತು ಓದಿದೆ.

ಸಂಜೆ ಮನೆಯ ಕಟ್ಟೆಯ ಮೇಲೆ ಆಸಿಫಾ ಮೊಬೈಲ್ ತೆರೆದಳು. ಲೈವ್ ನೋಡಿದವರು ಬರೆದ ಮಾತುಗಳು ಮುಗಿಯುವಂತಿರಲಿಲ್ಲ. ನಾನು ಕಣ್ಣು ಮುಚ್ಚಿ, ಓದು ಎಂದೆ. ಕರಿಯನ ಬಗ್ಗೆ, ಬಿಳಿಯನ ಬಗ್ಗೆ, ಹೋದ ಹದಿನೆಂಟು ಸೆಕೆಂಡಿನ ಬಗ್ಗೆ ಜಗಳವೇ ನಡೆದಿತ್ತು. ಆಸಿಫಾ ಓದುತ್ತ ಓದುತ್ತ ತಟ್ಟನೆ ನಿಲ್ಲಿಸಿದಳು.

"ಏನಾತು? ಓದು."

"ಬ್ಯಾಡ ಬಿಡ."

ನಾನೇ ಕಸಿದುಕೊಂಡು ನೋಡಿದೆ. ಯಾರೋ ಬರೆದಿದ್ದ: "ಆಕಿ ಮಾರಿ ನೋಡ್ರಲೇ, ಏನ ಮೊಡವಿ! ಮೈಕ್ ಕೊಡಾಕ ಬ್ಯಾರೆ ಯಾರೂ ಸಿಗಲಿಲ್ಲೇನ?"

ನಾನು ಹೆದರಿದ್ದು ಇದಕ್ಕೇ. ಅದರ ಕೆಳಗೆ ಒಂದೇ ಒಂದು ಉತ್ತರವಿತ್ತು. ಬರೆದವರ ಹೆಸರು ಯಮನೂರಪ್ಪ, ಹೊಳೆಮಣ್ಣೂರ.

"ನಾವೆಲ್ಲಾ ಎತ್ತ ನೋಡಾಕತ್ತಿದ್ವಿ. ನೀ ಏನ ನೋಡಾಕ ಬಂದಿದ್ದೆಪಾ?"

ನಾನು ನಕ್ಕೆ. ಸುಲಿದ ಕೆನ್ನೆ ಎಳೆದು ಉರಿಯುತ್ತಿತ್ತು, ಆದರೂ ನಗು ನಿಲ್ಲಲೇ ಇಲ್ಲ.